ಹೆಬ್ರಿಯ ಸೀತಾನದಿಯೋ, ಕೋಡಿಬೆಂಗ್ರೆಯ ಅಳಿವೆಯೋ?

ಹೊಳೆ ಬದಿಯಲ್ಲಿ ಒಂದು ರಾತ್ರಿ ಉಳಿಯಬೇಕು, ಗಾಳ ಹಾಕಬೇಕು, ಹಕ್ಕಿಯನ್ನೂ ನೋಡಬೇಕು ಅಂತ ಹೊರಡುವವರಿಗೆ ಉಡುಪಿಯಲ್ಲಿ ಒಂದೇ ನದಿಯ ಎರಡು ತುದಿಗಳಿವೆ. ಹೆಬ್ರಿ ದಾಟಿ ಆಗುಂಬೆ ರಸ್ತೆಯಲ್ಲಿ ಸಿಗುವ ಸೀತಾನದಿ ನೇಚರ್ ಕ್ಯಾಂಪ್ ಒಂದು. ಅದೇ ಸೀತಾನದಿ ಸ್ವರ್ಣೆಯ ಜೊತೆ ಸಮುದ್ರ ಸೇರುವ ಕೋಡಿಬೆಂಗ್ರೆ ಇನ್ನೊಂದು. ಎರಡೂ ಕಡೆ ಉಳಿದು ನೋಡಿದ್ದೇನೆ. ಮೂರೂ ಆಸೆ ಒಂದೇ ಕಡೆ ತೀರುವುದಿಲ್ಲ.

ನೆರಳಿಗೆ ಮತ್ತು ನಿದ್ದೆಗೆ ಹೆಬ್ರಿಯೇ ಸರಿ. ಟೆಂಟ್‌ಗಳು ಮರದ ಕೆಳಗೇ ಇವೆ, ನಡು ಮಧ್ಯಾಹ್ನವೂ ಬಿಸಿಲು ಚೂರು ಚೂರಾಗಿಯೇ ಬೀಳುತ್ತದೆ. ಹಕ್ಕಿಗೂ ನನ್ನ ಓಟು ಇಲ್ಲಿಗೇ. ಮಂಗಟ್ಟೆಯನ್ನು (ಹಾರ್ನ್‌ಬಿಲ್) ಮೊದಲು ಕಿವಿಯಿಂದ ಹುಡುಕಬೇಕು, ಗಟ್ಟಿಯಾಗಿ ನಕ್ಕ ಹಾಗಿರುತ್ತದೆ ಅದರ ಕೂಗು. ಅದರ ಹಿಂದೆ ಓಡಬೇಡಿ. ಹಣ್ಣು ಬಿಟ್ಟ ಅತ್ತಿಯೋ ಗೋಳಿಯೋ ಸಿಕ್ಕರೆ ಸುಮ್ನೆ ಅಲ್ಲೇ ಕೂತುಬಿಡಿ, ತಾನಾಗಿ ಬರುತ್ತದೆ. ಬೆಳಕು ಹರಿಯುವ ಮೊದಲೇ ಎದ್ದರೆ ನೀರಿನ ಬಂಡೆಗಳ ಕಡೆಯಿಂದ ಮಲಬಾರ್ ಸಿಳ್ಳೆಹಕ್ಕಿ ಕೇಳಿಸಬಹುದು. ಅದೊಂದಕ್ಕಾಗಿಯೇ ಮತ್ತೆ ಹೋಗುತ್ತೇನೆ.

ಆದರೆ ಗಾಳ ಮನೆಯಲ್ಲೇ ಬಿಡಿ. ಅದು ಸೋಮೇಶ್ವರ ಅಭಯಾರಣ್ಯದ ಕಡೆಯ ಕಾಡು, ಅಭಯಾರಣ್ಯದಲ್ಲಿ ಮೀನು ಹಿಡಿಯುವಂತಿಲ್ಲ. ಹಾಗೇ ಇರಲಿ ಅನ್ನುವವನು ನಾನು. ಮಿಂಚುಳ್ಳಿಗೂ ನೀರುನಾಯಿಗೂ ಅದೇ ಮೀನು ಬೇಕಲ್ವಾ?

ಗಾಳಕ್ಕೆ ಕೋಡಿಬೆಂಗ್ರೆ. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು, ನಡುವೆ ಸಪೂರ ಮರಳಿನ ಪಟ್ಟಿ. ಉಬ್ಬರಕ್ಕೆ ನೀರು ಏರಲು ಶುರುವಾದಾಗ ಹೊಳೆ ಬದಿಯಲ್ಲಿ ಕೂತರೆ ಕಾಣೆ ಮೀನು ಸಿಗುವ ಸಾಧ್ಯತೆ ಜಾಸ್ತಿ. ಅದು ಮರಳಿನ ತಳದಲ್ಲೇ ಮೇಯುವ ಮೀನು, ಬಾಯಿ ಬಹಳ ಚಿಕ್ಕದು. ಹಾಗಾಗಿ ಸಣ್ಣ ಗಾಳ, ಸಿಪ್ಪೆ ಸುಲಿದ ಸಿಗಡಿಯ ಉಗುರಿನಷ್ಟು ಚೂರು, ದಾರ ತಳಕ್ಕೆ ಮುಟ್ಟುವಷ್ಟೇ ಭಾರ. ಕಚ್ಚುವಾಗ ದೊಡ್ಡ ಎಳೆತ ಇರುವುದಿಲ್ಲ, ಬೆರಳಿಗೆ ಟಕ್ ಟಕ್ ಅಂತ ಎರಡು ಸಲ ತಿಳಿಯುತ್ತದೆ. ಆಗಲೇ ಮೆಲ್ಲಗೆ ಎಳೆಯಬೇಕು. ಅಂಗೈಗಿಂತ ಚಿಕ್ಕದು ಬಂದರೆ ವಾಪಸ್ ಬಿಡಿ, ದಯವಿಟ್ಟು.

ಇಲ್ಲಿ ನೆರಳು ಅಂದರೆ ತೆಂಗಿನದ್ದು, ಹೊತ್ತು ಏರಿದಂತೆ ಅದೂ ಜಾಗ ಬದಲಿಸುತ್ತದೆ. ಗಾಳಿಗೆ ಟೆಂಟ್ ರಾತ್ರಿಯಿಡೀ ಪಟಪಟ ಅನ್ನುತ್ತದೆ, ಹೋಮ್‌ಸ್ಟೇ ವಾಸಿ. ಹಕ್ಕಿಗಳು ಕಡಿಮೆಯೇನಲ್ಲ: ಗರುಡ, ಬೆಳ್ಳಕ್ಕಿ, ನೀರುಕಾಗೆ, ಚಳಿಗಾಲದಲ್ಲಿ ವಲಸೆ ಬಂದ ಕಡಲಕ್ಕಿಗಳು. ಬಯಲಾದ್ದರಿಂದ ಮಕ್ಕಳಿಗೂ ಹೊಸಬರಿಗೂ ಬೇಗ ಕಾಣುತ್ತವೆ.

ಮಂಗಳೂರಿನವರು ತಮ್ಮೂರಿನ ಪಿಲಿಕುಳ ನಿಸರ್ಗಧಾಮ ಸಾಲದಾ ಅಂತ ಕೇಳಬಹುದು. ಕೆರೆ ಇದೆ, ಮರ ಇದೆ, ಸಂಜೆಗೆ ಚೆಂದ. ರಾತ್ರಿ ಉಳಿದು ಗಾಳ ಹಾಕುವ ಜಾಗ ಅದಲ್ಲ.

ಎರಡು ಕಡೆಗೂ ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಹೆಬ್ರಿ ಕಡೆ ಉಂಬಳ ಕಾಟ, ಆಗುಂಬೆಯ ಮಳೆಗೆ ಹೊಳೆ ಬೇಗ ತುಂಬುತ್ತದೆ. ಕೋಡಿಬೆಂಗ್ರೆಯಲ್ಲಿ ಯಾವ ತಿಂಗಳಾದರೂ ನೀರು ಇಳಿಯುವ ಹೊತ್ತಿಗೆ ಅಳಿವೆ ಬಾಯಿಯಲ್ಲಿ ಕಾಲು ಇಡಬೇಡಿ. ಮೊಣಕಾಲುದ್ದ ನೀರೂ ಕಡಲಿಗೆ ಎಳೆಯುತ್ತದೆ.