ಪಾದದ ತಿರುಚನ್ನು ಅಳೆಯಲು ಸೆನ್ಸರ್, ಮೊಬೈಲ್ ವಿಡಿಯೊ, ಮಾರ್ಕರ್: ಮೂರನ್ನೂ ಬಳಸಿ ನೋಡಿದ ಮೇಲೆ

ನಡೆಯುವಾಗ ಪಾದ ಎಷ್ಟು ಬಾಗುತ್ತದೆ, ಹಿಮ್ಮಡಿಯ ಭಾಗಕ್ಕೆ ಹೋಲಿಸಿದರೆ ಮುಂಪಾದ ಎಷ್ಟು ತಿರುಚಿಕೊಳ್ಳುತ್ತದೆ ಎಂಬುದನ್ನು ಅಳೆಯಬೇಕಾದಾಗ, ಚರ್ಮದ ಮೇಲೆ ಅಂಟಿಸುವ ಪುಟ್ಟ ಮಾರ್ಕರ್‌ಗಳು ಮತ್ತು ಅವುಗಳನ್ನು ಸುತ್ತಲಿಂದ ಸೆರೆಹಿಡಿಯುವ ಕ್ಯಾಮೆರಾಗಳೇ ನನ್ನ ಆಯ್ಕೆ. ಚಪ್ಪಟೆ ಪಾದದ ಮಕ್ಕಳಿಗೂ ಹಿಮ್ಮಡಿ ನೋವಿನ ಓಟಗಾರರಿಗೂ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್ ನಾನು. ಆ ಕ್ಯಾಮೆರಾಗಳಿರುವ ಲ್ಯಾಬಿನ ಬಾಡಿಗೆ ಉಳಿಯಲೆಂದು ನಮ್ಮ ಚಿಕಿತ್ಸಾಲಯಕ್ಕೆ ಮೈಮೇಲೆ ಅಂಟಿಸಿ ಚಲನೆ ಅಳೆಯುವ ಸೆನ್ಸರ್ ಸೆಟ್ ಒಂದನ್ನು ತರಿಸಿದ ಮೇಲಂತೂ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಸೆನ್ಸರ್‌ಗಳ ಅನುಕೂಲ ದೊಡ್ಡದು. ಹಿಮ್ಮಡಿಗೊಂದು, ಮುಂಪಾದದ ಮೇಲೊಂದು ಅಂಟಿಸಿದರೆ ಸಾಕು, ರೋಗಿ ಕಾರಿಡಾರಿನಲ್ಲೂ ರಸ್ತೆಯಲ್ಲೂ ನಡೆಯಬಹುದು. ಪಾದ ಮೇಲಕ್ಕೆ ಕೆಳಕ್ಕೆ ಬಾಗುವ ಕೋನವನ್ನು ಅವು ಚೆನ್ನಾಗಿಯೇ ಕೊಡುತ್ತವೆ. ತೊಂದರೆ ಇರುವುದು ತಿರುಚಿನ ವಿಷಯದಲ್ಲಿ. ಸೆನ್ಸರಿನೊಳಗಿನ ಆಕ್ಸೆಲೆರೊಮೀಟರ್ ಗುರುತ್ವವನ್ನು ನೋಡಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯುತ್ತದೆ. ಆದರೆ ಎಡಬಲದ ದಿಕ್ಕನ್ನು ಗುರುತ್ವ ಹೇಳಲಾರದು. ಅದಕ್ಕಾಗಿ ಸೆನ್ಸರ್ ಭೂಮಿಯ ಕಾಂತಕ್ಷೇತ್ರವನ್ನು ದಿಕ್ಸೂಚಿಯಂತೆ ನೆಚ್ಚಿಕೊಳ್ಳುತ್ತದೆ. ನಮ್ಮ ಚಿಕಿತ್ಸಾಲಯವಿರುವುದು ಮೊದಲ ಮಹಡಿಯಲ್ಲಿ. ಟೈಲ್ಸಿನ ಕೆಳಗೆ ಕಾಂಕ್ರೀಟು, ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳ ಜಾಲ. ಪಾದದ ಮೇಲಿನ ಸೆನ್ಸರ್ ಈ ಕಬ್ಬಿಣಕ್ಕೆ ಗೇಣು ದೂರದಲ್ಲಿರುತ್ತದೆ, ಕಬ್ಬಿಣ ಆ ದಿಕ್ಸೂಚಿಯ ದಾರಿ ತಪ್ಪಿಸುತ್ತದೆ.

ಪರಿಣಾಮ ಏನೆಂದರೆ, ಒಬ್ಬ ಹುಡುಗ ಅಲ್ಲಾಡದೆ ನಿಂತಾಗ ಬಂದ ಕೋನ, ಅವನು ಒಂದು ಟೈಲ್ ಮುಂದೆ ಸರಿದು ಹಾಗೆಯೇ ನಿಂತಾಗ ಬೇರೆಯಾಗುತ್ತಿತ್ತು. ಹುಡುಗನ ಪಾದದ್ದೇ ವ್ಯತ್ಯಾಸವೋ ಏನೋ ಎಂಬ ಸಂಶಯಕ್ಕೆ ಎಡೆ ಉಳಿಯಬಾರದೆಂದು ಎರಡೂ ಸೆನ್ಸರ್‌ಗಳನ್ನು ಒಂದು ಮರದ ಹಲಗೆಗೆ ಟೇಪಿನಿಂದ ಬಿಗಿದು ನೆಲದ ಮೇಲೆ ಮೆಲ್ಲಗೆ ಎಳೆದೆವು. ಹಲಗೆ ಬಾಗುವುದಿಲ್ಲ, ತಿರುಚಿಕೊಳ್ಳುವುದೂ ಇಲ್ಲ. ಆದರೂ ಪರದೆಯ ಮೇಲೆ ಎರಡರ ನಡುವಿನ ಕೋನ ಏರಿಳಿಯುತ್ತಲೇ ಇತ್ತು. ಅದೇ ಹಲಗೆಯನ್ನು ಮೇಜಿನೆತ್ತರಕ್ಕೆ ಹಿಡಿದು ಸರಿಸಿದಾಗ ಏರಿಳಿತ ಬಹುಮಟ್ಟಿಗೆ ನಿಂತಿತು.

ಮಾರಿದವರು ಕೊಟ್ಟ ಪರಿಹಾರ ಕಾಂತಕ್ಷೇತ್ರವನ್ನು ಅಳೆಯುವ ಭಾಗವಾದ ಮ್ಯಾಗ್ನೆಟೊಮೀಟರನ್ನು ಆಫ್ ಮಾಡುವುದು. ಆಗ ದಿಕ್ಕಿಗೆ ತಿರುಗುವ ವೇಗವನ್ನು ಅಳೆಯುವ ಗೈರೋಸ್ಕೋಪ್ ಒಂದೇ ಆಧಾರ, ಅದರ ಲೆಕ್ಕ ನಿಮಿಷದಿಂದ ನಿಮಿಷಕ್ಕೆ ಸರಿಯುತ್ತ ಹೋಗುತ್ತದೆ. ಪಾದ ನೆಲಕ್ಕೆ ಸಮತಟ್ಟಾಗಿ ಊರಿರುವಾಗ ಇದು ಅಷ್ಟಾಗಿ ಬಾಧಿಸುವುದಿಲ್ಲ, ಏಕೆಂದರೆ ಆಗ ಪಾದದ ಉದ್ದದ ಅಕ್ಷ ಮಲಗಿರುತ್ತದೆ ಮತ್ತು ಅದರ ಸುತ್ತಲಿನ ತಿರುಚು ಗುರುತ್ವಕ್ಕೆ ಕಾಣುತ್ತದೆ. ಹಿಮ್ಮಡಿ ಎತ್ತಿದಂತೆ ಆ ಅಕ್ಷ ಎದ್ದು ನಿಲ್ಲುತ್ತದೆ, ದಿಕ್ಕಿನ ತಪ್ಪೆಲ್ಲ ತಿರುಚಿನ ಅಂಕಿಯೊಳಕ್ಕೆ ಸೋರುತ್ತದೆ. ಹೆಬ್ಬೆರಳು ಬಾಗಿ, ಅಂಗಾಲಿನ ತಂತುಪೊರೆ ಬಿಗಿದು, ಕಮಾನು ಮೇಲೇಳುವುದು ಆ ಹೊತ್ತಿನಲ್ಲೇ. ಸಂಶೋಧಕ ಹಿಕ್ಸ್ 1954ರಲ್ಲಿ ವಿವರಿಸಿದ ಈ ಕ್ರಿಯೆಯನ್ನು ನೋಡಲೆಂದೇ ನಾವು ಅಳತೆಗೆ ಇಳಿಯುವುದು. ಪ್ರತಿ ಹೆಜ್ಜೆಯಲ್ಲಿ ಪಾದ ಊರಿದಾಗ ಕೋನವನ್ನು ಸೊನ್ನೆಗೆ ತರುವ ಉಪಾಯವೂ ತಂತ್ರಾಂಶದಲ್ಲಿದೆ. ಆದರೆ ಚಪ್ಪಟೆ ಪಾದದಲ್ಲಿ ಮುಂಪಾದ ಹೊರಕ್ಕೆ ತಿರುಗಿರುವುದೇ ದೋಷ. ಆ ದೋಷವನ್ನೇ ಸೊನ್ನೆಯೆಂದು ಬರೆದುಕೊಂಡ ಮೇಲೆ ಅಳೆಯುವುದಕ್ಕೆ ಉಳಿಯುವುದೇನು?

ಮೊಬೈಲ್ ವಿಡಿಯೊ ಅಗ್ಗ. ಸೆಕೆಂಡಿಗೆ 240 ಫ್ರೇಮುಗಳಲ್ಲಿ ಪಕ್ಕದಿಂದ ತೆಗೆದರೆ ಪಾದ ಬಾಗುವುದು ಸ್ಪಷ್ಟವಾಗಿ ಕಾಣುತ್ತದೆ, ರೋಗಿಗೆ ತೋರಿಸಿ ಅರ್ಥಮಾಡಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ತಿರುಚಿಗೆ ಮಾತ್ರ ಅದು ಆಗದು: ಕಾಲು ಸ್ವಲ್ಪ ಹೊರಕ್ಕೆ ತಿರುಗಿದರೂ ಹಿಂದಿನಿಂದ ಕಾಣುವ ಹಿಮ್ಮಡಿಯ ಕೋನ ಬದಲಾಗುತ್ತದೆ.

ಶೂ ಒಳಗೆ ಹಾಸಿ ಒತ್ತಡ ಅಳೆಯುವ ಇನ್‌ಸೋಲ್ ಭಾರ ಎಲ್ಲಿ ಬೀಳುತ್ತದೆಂದು ಹೇಳುತ್ತದೆ, ಕೋನವನ್ನು ಹೇಳುವುದಿಲ್ಲ.

ಇನ್ನು ಮಾರ್ಕರ್‌ಗಳು. ಇಡೀ ಪಾದವನ್ನು ಒಂದೇ ಗಟ್ಟಿ ತುಂಡೆಂದು ಎಣಿಸುವ ಸಾಮಾನ್ಯ ನಡಿಗೆ ಮಾದರಿ (ಮಾರ್ಕರ್ ಎಲ್ಲಿ ಅಂಟಿಸಬೇಕು, ಕೋನವನ್ನು ಹೇಗೆ ಲೆಕ್ಕಹಾಕಬೇಕು ಎಂಬ ಕ್ರಮ) ಇಲ್ಲಿ ಕೆಲಸಕ್ಕೆ ಬಾರದು; 26 ಮೂಳೆಗಳ ಅಂಗ ಅದು. ನಾನು ಬಳಸಿದ್ದು ಆಕ್ಸ್‌ಫರ್ಡ್ ಮಾದರಿ ಮತ್ತು ಇಟಲಿಯ ಬೊಲೊನ್ಯಾದ ರಿಝೋಲಿ ಸಂಸ್ಥೆಯ ಮಾದರಿ. ಆಕ್ಸ್‌ಫರ್ಡಿನದು ಹಿಂಪಾದ, ಮುಂಪಾದ, ಹೆಬ್ಬೆರಳು ಎಂದು ಪಾದವನ್ನು ವಿಂಗಡಿಸುತ್ತದೆ. ಹಿಮ್ಮಡಿಯ ಹಿಂದೆ ಕಡ್ಡಿಯ ತುದಿಗೊಂದು ಮಾರ್ಕರ್ ಬೇಕು, ಹಿಮ್ಮಡಿ ನೆಲಕ್ಕೆ ಬಡಿದಾಗ ಆ ಕಡ್ಡಿ ಅದುರುತ್ತದೆ. ಮಕ್ಕಳಂತೂ ಇನ್ನೊಂದು ಕಾಲಿನಿಂದ ಅದನ್ನು ಒದ್ದು ಬೀಳಿಸುತ್ತಾರೆ. ರಿಝೋಲಿಯದರಲ್ಲಿ ಕಡ್ಡಿಯಿಲ್ಲ, ನಡುಪಾದಕ್ಕೆ ಬೇರೆಯೇ ಲೆಕ್ಕವಿದೆ. ಸ್ವಯಂಸೇವಕರ ಪಾದದ ಮೂಳೆಗಳಿಗೇ ಪಿನ್ ಕೂರಿಸಿ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನ ನಡುಪಾದದ ಕೀಲುಗಳು ಕಡೆಗಣಿಸುವಷ್ಟು ಕಡಿಮೆ ಚಲಿಸುವುದಿಲ್ಲ ಎಂದು ತೋರಿಸಿದೆ. ಆದ್ದರಿಂದ ನನ್ನ ಒಲವು ರಿಝೋಲಿಯತ್ತ.

ಅದರ ಕಷ್ಟವೆಂದರೆ ಮೂಳೆಯ ಗುರುತುಗಳನ್ನು ಬೆರಳಿನಿಂದ ತಡಕಿ ಹುಡುಕುವುದು. ಒಳಗಿಣ್ಣಿನ ಕೆಳಗೆ ಹಿಮ್ಮಡಿ ಮೂಳೆಯ ಚಾಚು ಊದಿದ ಪಾದದಲ್ಲಿ ಸುಲಭವಾಗಿ ಸಿಗುವುದಿಲ್ಲ. 60 ಮಿಲಿಮೀಟರ್ ಅಂತರದ ಎರಡು ಮಾರ್ಕರ್‌ಗಳಲ್ಲಿ ಒಂದು 3 ಮಿಲಿಮೀಟರ್ ಅಡ್ಡ ಸರಿದರೆ ಕೋನ ಸುಮಾರು 3 ಡಿಗ್ರಿ ತಪ್ಪುತ್ತದೆ. ಹೀಗಾಗಿ ಒಬ್ಬ ರೋಗಿಗೆ ಪ್ರತಿ ಸಲವೂ ಒಬ್ಬರೇ ಮಾರ್ಕರ್ ಅಂಟಿಸುವ ನಿಯಮ ಇಟ್ಟುಕೊಂಡಿದ್ದೇನೆ. ಬೆವರಿನ ಪಾದವನ್ನು ಸ್ಪಿರಿಟ್‌ನಿಂದ ಒರೆಸಿ, ಗುರುತಿನ ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಂಡರೆ ಉದುರಿದ ಮಾರ್ಕರನ್ನು ಅಲ್ಲಿಯೇ ಮತ್ತೆ ಕೂರಿಸಬಹುದು.

ಕ್ಯಾಮೆರಾ ವ್ಯವಸ್ಥೆ ಕೊಳ್ಳುವ ಶಕ್ತಿ ನನಗಿಲ್ಲ. ದಿನನಿತ್ಯದ ತಪಾಸಣೆಯನ್ನು ಮೊಬೈಲಿನಲ್ಲಿ ಮುಗಿಸಿ, ಶಸ್ತ್ರಚಿಕಿತ್ಸೆಯ ಮಾತು ಬಂದಿರುವ ಅಥವಾ ಚಿಕಿತ್ಸೆಯ ಇನ್‌ಸೋಲ್ ಬದಲಿಸಬೇಕಾದ ರೋಗಿಗಳನ್ನು ಒಟ್ಟುಗೂಡಿಸಿ, ಗಂಟೆಯ ಬಾಡಿಗೆಗೆ ಸಿಗುವ ಲ್ಯಾಬಿಗೆ ಒಂದೇ ದಿನ ಕರೆದೊಯ್ಯುವುದು ನನ್ನ ಪದ್ಧತಿ. ಮಣ್ಣಿನ ಮೈದಾನದಲ್ಲಿ ಓಟವನ್ನು ಅಳೆಯುವವರಿಗೆ, ಬಾಗುವಿಕೆಯಷ್ಟೇ ಸಾಕೆನ್ನುವವರಿಗೆ ಸೆನ್ಸರ್ ಒಪ್ಪಬಹುದು. ನಮ್ಮ ಸೆಟ್ಟನ್ನು ಈಗ ಮೊಣಕಾಲು ಮಡಚುವುದನ್ನು ಅಳೆಯಲು ಬಳಸುತ್ತಿದ್ದೇವೆ. ನೆಲದ ಕಬ್ಬಿಣದಿಂದ ಅಷ್ಟು ದೂರದಲ್ಲಿ ಅದರ ಅಂಕಿಗಳು ದಿನದಿಂದ ದಿನಕ್ಕೆ ಹೊಂದಿಕೊಳ್ಳುತ್ತಿವೆ.