ಏಪ್ರಿಲ್ ಬಂದರೆ ಇಂಕು ಕಕ್ಕುವ ಪೆನ್ನು

ಈ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನಿನ ಉದ್ದ, ತೂಕ, ನಿಬ್ಬಿನ ಸೈಜು ಎಲ್ಲಾ ಮಾರುವವರೇ ಬರೆದಿದ್ದಾರೆ, ಅಲ್ಲೇ ನೋಡಿಕೊಳ್ಳಿ. ನಾನು ಕಾದಂಬರಿ ಬರೆಯುವವಳು. ಕೆಲವು ವರ್ಷಗಳಿಂದ ಮೊದಲ ಕರಡು ಪೂರ್ತಿ ಇದರಲ್ಲೇ. ಮಳೆಗಾಲ, ಚಳಿಗಾಲದಲ್ಲಿ ಇದರ ಬಗ್ಗೆ ಒಂದು ಕೆಟ್ಟ ಮಾತು ಹೇಳುವ ಹಾಗಿಲ್ಲ. ಮೈಸೂರಿಗೆ ಬಿಸಿಲು ಏರಿತೋ, ಇಂಕು ಕಕ್ಕೋಕೆ ಶುರು.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಇದಕ್ಕೆ ಇಂಕು ತುಂಬಿಯೇ ಬರುವ ಕಾರ್ಟ್ರಿಜ್ ಇಲ್ಲ, ಪಂಪ್ ಇಲ್ಲ. ಫಿಲ್ಲರ್‌ನಲ್ಲಿ ನೇರವಾಗಿ ಕೊಳವೆಗೇ ಇಂಕು ಬಿಡಬೇಕು. ರಾತ್ರಿ ಊಟವಾದ ಮೇಲೆ ಅದೇ ನನ್ನ ಕೆಲಸ. ಮೇಜಿನ ಮೇಲೆ ಹಳೇ ಪೇಪರ್ ಹಾಸುತ್ತೇನೆ. ಪೆನ್ನು ತಿರುಗಿಸಿ ಬಿಚ್ಚಿದರೆ ಸಣ್ಣಗೆ ಗಂಧಕದ ವಾಸನೆ. ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದರೇ ತಾನೇ ಎಬೊನೈಟ್ ಆಗೋದು. ಒಂದೊಂದೇ ಹನಿ ಬಿಡುವುದು, ತಿರುಪಿನ ಮರೆಗೆ ಚೂರು ಸಿಲಿಕೋನ್ ಗ್ರೀಸ್ ಸವರುವುದು, ಬಿಗಿ ಮಾಡುವುದು, ಹಳೇ ಬ್ಲೌಸ್ ಪೀಸಿನಲ್ಲಿ ನಿಬ್ಬು ಒರೆಸುವುದು. ಮನೆಯಲ್ಲಿ ಯಾರೂ ಆ ಹೊತ್ತಿನಲ್ಲಿ ನನ್ನನ್ನು ಮಾತಾಡಿಸಲ್ಲ.

ಬೇಸಿಗೆಯಲ್ಲಿ ಬರೆಯುವುದು ಬೆಳಿಗ್ಗೆ ಮಾತ್ರ. ಕುಕ್ಕರಹಳ್ಳಿ ಕೆರೆಯಲ್ಲಿ ಒಂದು ಸುತ್ತು ಹಾಕಿ, ನೆರಳಿರುವ ಬೆಂಚು ಹುಡುಕಿ ಕೂರುತ್ತೇನೆ. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ಒಂದು ಪುಟ ಸಲೀಸಾಗಿ ಆಗುತ್ತದೆ. ಬಿಸಿಲೇರಿ, ಇಂಕು ಅರ್ಧಕ್ಕೆ ಇಳಿದಾಗ ತಕರಾರು. ಖಾಲಿಯಾದ ಅರ್ಧದಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಕೈ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ನಿಬ್ಬಿನ ಕಡೆಗೆ ತಳ್ಳುತ್ತದೆ. ಹೋದ ಮೇ ತಿಂಗಳಲ್ಲಿ, ನಾಯಕಿ ಗಂಡನ ಮನೆ ಬಿಟ್ಟು ಹೊರಡುವ ವಾಕ್ಯದ ಮೇಲೆ ಹುಣಸೆಬೀಜದಷ್ಟು ಇಂಕು ಬಿತ್ತು. ಪೆಟ್ಟಿಗೆಯಲ್ಲಿ ಏನೇನು ತುಂಬಿಕೊಂಡಳು ಅಂತ ಬರೆದಿದ್ದೆ. ಒಂದೂ ಓದೋಕೆ ಆಗಲಿಲ್ಲ. ಮನೆಗೆ ಬಂದು ಮತ್ತೆ ಬರೆದರೆ ಆ ಮೊದಲಿನ ವಾಕ್ಯ ಬರಲೇ ಇಲ್ಲ.

ಕೈಯಂತೂ ಕೇಳಲೇಬೇಡಿ. 2024ರ ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ. ಬೂತಿನ ಸಾಲಿನಲ್ಲಿ ಹಿಂದಿದ್ದವರು ನನ್ನ ಬಲಗೈ ಬೆರಳು ನೋಡಿ, "ಆಗಲೇ ಹಾಕಿ ಬಂದ್ರಾ?" ಅಂದರು. ವೋಟಿನ ಶಾಯಿ ತಯಾರಾಗುವುದು ನಮ್ಮೂರಿನಲ್ಲೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಉಜ್ಜಿದರೂ ಹೋಗಲ್ಲ. ನನ್ನದು ಸಾದಾ ನೀಲಿ, ಸೋಪಿಗೆ ಹೋಗುತ್ತದೆ. ಕಾಟನ್ ಸೀರೆಯಿಂದ ಮಾತ್ರ ಹೋಗಲಿಲ್ಲ.

ಕೊಂಡ ಅಂಗಡಿಯಲ್ಲಿ ಕೇಳಿದೆ. "ಬಿಸಿಲಿಗೆ ಹಂಗೇ ಮೇಡಂ" ಅಂತ ಹೇಳಿ, ನಾಲ್ಕು ಪಟ್ಟು ಬೆಲೆಯ ಇನ್ನೊಂದು ಪೆನ್ನು ತೋರಿಸಿದರು. ಕನ್ನಡ ಕಾದಂಬರಿಯ ರಾಯಲ್ಟಿಯಲ್ಲಿ ಅಷ್ಟೆಲ್ಲಾ ಆಗುತ್ತಾ? ಎದ್ದು ಬಂದೆ.

ಈಗ ಅರ್ಧಕ್ಕೆ ಇಳಿಯೋಕೆ ಬಿಡಲ್ಲ. ಸಣ್ಣ ಇಂಕಿನ ಬಾಟಲಿ, ಫಿಲ್ಲರ್ ಚೀಲದಲ್ಲೇ ಇರುತ್ತವೆ. ಬರೆಯುವ ಮುಂಚೆ ನಿಬ್ಬು ಮೇಲೆ ಮಾಡಿ ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದರೆ ಹಿಗ್ಗಿದ ಗಾಳಿ ಸುಮ್ನೆ ಹೊರಗೆ ಹೋಗುತ್ತದೆ, ಇಂಕು ಬರಲ್ಲ. ಮಧ್ಯದಲ್ಲಿ ನಿಲ್ಲಿಸಿ ಇಂಕು ತುಂಬುವಾಗ ಅದುವರೆಗೆ ಬರೆದದ್ದನ್ನು ಓದಿಕೊಳ್ಳುತ್ತೇನೆ. ಮಾತುಕತೆ ಎಳೆದಿದ್ದರೆ ಅಲ್ಲೇ ಹೊಡೆದು ಹಾಕುತ್ತೇನೆ. ಮುಂಚೆ ಈ ಕೆಲಸ ಪುಸ್ತಕದ ಕೊನೆಗೆ, ಬೇಜಾರಿನಲ್ಲಿ ಮಾಡುತ್ತಿದ್ದೆ. ಈ ಪೆನ್ನಿನ ಕಾಟಕ್ಕೆ ಈ ಸಲದ ಕರಡು ತೆಳ್ಳಗಾಗಿದೆ, ನನಗಂತೂ ಖುಷಿ.

ತಿರುಗಾಟಕ್ಕೆ ಒಯ್ಯುವವರು ಗಮನಿಸಿ. ದೇವರಾಜ ಮಾರ್ಕೆಟ್ಟಿಗೆ ರಸಪುರಿ ತರೋಕೆ ಹೋಗುವಾಗ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿದರೆ ಏನೂ ಆಗಲ್ಲ. ಅಡ್ಡ ಮಲಗಿಸಿ ಸಿಟಿ ಬಸ್ಸು ಹತ್ತಿದರೆ ಕ್ಯಾಪ್ ಒಳಗೆಲ್ಲಾ ಇಂಕು. ಕಿಟಕಿ ಬಿಸಿಲಲ್ಲಿ ಬಿಟ್ಟರೆ ಎಬೊನೈಟ್‌ನ ಕಪ್ಪು ಕಂದಿಹೋಗುತ್ತದೆ. ಹಳೇ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಹಾಕೋಕೆ ಬೇಡವೇ ಬೇಡ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಅದಕ್ಕೆ ಪೆನ್ಸಿಲ್ಲೇ ಸರಿ.

ನಿಬ್ಬು ಮಾತ್ರ ಫೈನ್ ತಗೊಳ್ಳಿ. ದಪ್ಪ ನಿಬ್ಬಿನಲ್ಲಿ 'ಘ', 'ಛ' ಹೊಟ್ಟೆ ತುಂಬಿಕೊಳ್ಳುತ್ತವೆ, ಒತ್ತಕ್ಷರ ಕೆಳಗಿನ ಸಾಲಿಗೆ ಮೆತ್ತಿಕೊಳ್ಳುತ್ತದೆ. 800 ರೂಪಾಯಿಗೆ ಐದಕ್ಕೆ ಮೂರೂವರೆ ಸ್ಟಾರ್. ದಿನಾ ಬಿಳಿ ಅಂಗಿ ಹಾಕಿ ಆಫೀಸಿಗೆ ಹೋಗುವವರು ಕಾರ್ಟ್ರಿಜ್ ಪೆನ್ನು ಕೊಳ್ಳಿ.