ಬೇಸಿಗೆ ರಜೆಗೆ ಮನೆಮಂದಿ ಜೊತೆ: ಮುಳ್ಳಯ್ಯನಗಿರಿಯೋ, ತಡಿಯಂಡಮೋಳೋ, ಕೊಡಚಾದ್ರಿಯೋ?

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬೆಟ್ಟ ಹತ್ತಿಸಬೇಕು ಅಂದಾಗ ಎಲ್ಲರೂ ಮೊದಲು ವಿಚಾರಿಸುವುದು ಎತ್ತರವನ್ನು. ನಾನು ಮೊದಲು ನೋಡುವುದು ನೆರಳನ್ನು. ಬಿಸಿಲು ಏರುವ ಹೊತ್ತಿಗೆ ದಾರಿ ಕಾಡಿನೊಳಗೆ ಇರುತ್ತದೋ, ಬೋಳು ಗುಡ್ಡದ ಮೇಲಿರುತ್ತದೋ? ಇಷ್ಟು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಈ ಮೂರು ಬೆಟ್ಟಗಳಿಗೂ ಏಪ್ರಿಲ್, ಮೇ ತಿಂಗಳಲ್ಲೇ ಅಮ್ಮ ಮತ್ತು ಮಕ್ಕಳ ಜೊತೆ ಹೋಗಿ ಬಂದಿದ್ದೇವೆ.

ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ಆದರೆ ಮೂರರಲ್ಲಿ ಸುಲಭದ್ದೂ ಇದೇ. ಕಾರು ತುದಿಯ ಹತ್ತಿರದವರೆಗೂ ಹೋಗುತ್ತದೆ, ಆಮೇಲೆ ಮೆಟ್ಟಿಲು. ಅಮ್ಮ ಎರಡು ಕಡೆ ಕೂತು, ದಣಿವಾರಿಸಿಕೊಂಡು, ಮೇಲಿನ ದೇವಸ್ಥಾನ ಮುಟ್ಟಿದರು. ನಾವು ಉಳಿದವರು ಸರ್ಪದಾರಿಯಲ್ಲಿ ಹತ್ತಿದೆವು. ಏಣಿನ ಮೇಲೆ ಬಳುಕುತ್ತಾ ಸಾಗುವ ಕಾಲುದಾರಿ, ಎರಡೂ ಕಡೆ ಒಣಗಿದ ಹುಲ್ಲು, ಮರ ಅನ್ನುವುದೇ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಶುರು ಮಾಡಿದರೆ ತಣ್ಣನೆ ಗಾಳಿ, ಒಳ್ಳೇ ನಡಿಗೆ. ಹತ್ತು ಗಂಟೆ ದಾಟಿತೋ, ಮಕ್ಕಳನ್ನು ಕರೆದುಕೊಂಡು ಆ ದಾರಿಗೆ ಇಳಿಯಲೇಬೇಡಿ. ಶನಿವಾರ, ಭಾನುವಾರ ಮೇಲಿನ ರಸ್ತೆಯಲ್ಲಿ ವಾಹನಗಳ ಸಾಲೂ ಜಾಸ್ತಿ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯಿಂದ ನಡೆಯಲು ಶುರು. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಅರಮನೆ ಇದು. ಮೊದಲು ಕಾಫಿ ತೋಟಗಳ ನಡುವಿನ ರಸ್ತೆ, ಆಮೇಲೆ ಕಾಡು, ಹುಲ್ಲುಗಾವಲು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ಮೇಲೆ ಹೋದರೆ ತೋಟವೆಲ್ಲಾ ಮಲ್ಲಿಗೆಯ ಹಾಗೆ ಘಮಘಮ ಅನ್ನುತ್ತಿರುತ್ತದೆ. ದಾರಿಯ ನಡುವೆ ಒಂದು ದೊಡ್ಡ ಬಂಡೆ ಸಿಗುತ್ತದೆ. ನಮ್ಮ ತಿಂಡಿ ಅಲ್ಲೇ. ಈ ಬೆಟ್ಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊನೆಯ ಏರು. ದಾರಿಯಲ್ಲೆಲ್ಲಾ ಕಡಿದಾದ ಜಾಗ ಅದೇ, ಆದರೆ ಅದು ಶೋಲಾ ಕಾಡಿನೊಳಗೇ ಇದೆ, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಗಿಡ್ಡ ಮರಗಳ ಕಾಡು. ಕಾಲು ಸೋತಾಗಲೇ ನೆರಳು ಸಿಗುತ್ತದೆ! ಬೇರು ಹಿಡಿದು ಹತ್ತುವಾಗ ಮಗ ಸುಸ್ತು ಅನ್ನಲೇ ಇಲ್ಲ. ಬೆಟ್ಟ ಹತ್ತಿ ಅಭ್ಯಾಸವಿಲ್ಲದ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಅಮ್ಮನಿಗೆ ಮಾತ್ರ ಇಲ್ಲಿ ದಾರಿಯಿಲ್ಲ, ಅವರು ಕೆಳಗೇ ಉಳಿದರು.

ಕೊಡಚಾದ್ರಿ 1,343 ಮೀಟರ್, ಈ ಮೂರರಲ್ಲಿ ಎತ್ತರ ಕಡಿಮೆ. ನನ್ನ ಆಯ್ಕೆ ಮಾತ್ರ ಇದೇ. ಯಾಕೆಂದರೆ ಮನೆಯವರು ಎರಡು ಗುಂಪಾಗಿ ಹೊರಟು ಮೇಲೆ ಸೇರಬಹುದು. ಅಮ್ಮ ಜೀಪಿನಲ್ಲಿ ಮೂಲ ಮೂಕಾಂಬಿಕೆ ಗುಡಿಗೆ ಬಂದರು. ಜೀಪಿನ ದಾರಿ ಮೈ ಕೈ ನೋಯಿಸುತ್ತದೆ, ಸೊಂಟ ನೋವಿದ್ದವರು ಯೋಚಿಸಿ ಹೊರಡಿ. ನಾವು ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕದಲ್ಲೇ ಹತ್ತಿದೆವು. ಇಲ್ಲಿ ಬರೀ ಕಾಲು ಸಾಲದು, ಕೈಗೂ ಕೆಲಸ. ಬೇಸಿಗೆಯಲ್ಲಿ ನೀರು ಕಡಿಮೆ, ಬಂಡೆ ಕಾಣುತ್ತದೆ, ಮಳೆಗಾಲದ ಜಿಗಣೆ ಕಾಟವೂ ಇಲ್ಲ. ಎರಡು ಕೈ, ಎರಡು ಕಾಲಲ್ಲಿ ಮೂರು ಯಾವಾಗಲೂ ಭದ್ರವಾಗಿ ಊರಿರಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೆವು. ಮಗಳು ಒಂದೊಂದು ಬೇರನ್ನೂ ಎಳೆದು ನೋಡಿ, ಗಟ್ಟಿ ಅಂತ ಗೊತ್ತಾದ ಮೇಲೇ ಭಾರ ಹಾಕುತ್ತಿದ್ದಳು. ಕಪ್ಪಗೆ ಮಿನುಗುವ ಬಂಡೆ ಕಂಡರೆ ಬಿಟ್ಟುಬಿಡಿ, ಅದು ಪಾಚಿ. ಒಣಗಿ ಬೆಳ್ಳಗಾದದ್ದರ ಮೇಲೆ ಕಾಲಿಡಿ. ತೀರಾ ಚಿಕ್ಕ ಮಕ್ಕಳಿಗೆ ಈ ದಾರಿ ಬೇಡ. ಜಲಪಾತ ದಾಟಿದ ಮೇಲೆ ಸ್ವಲ್ಪ ಕಾಡು, ಆಮೇಲೆ ಬಿಸಿಲು, ಕೊನೆಗೆ ಜೀಪು ರಸ್ತೆ. ಗುಡಿಯ ಹತ್ತಿರ ಅಮ್ಮ ಸಿಕ್ಕರು. ಅಲ್ಲಿಂದ ಸರ್ವಜ್ಞ ಪೀಠದ ಕಲ್ಲುಮಂಟಪದವರೆಗೆ ನಿಧಾನವಾಗಿ ಎಲ್ಲರೂ ಒಟ್ಟಿಗೆ ನಡೆದೆವು. ಮೂರೂ ತಲೆಮಾರು ಒಂದೇ ತುದಿಯಲ್ಲಿ ನಿಲ್ಲುವ ಸಂತೋಷವೇ ಬೇರೆ ಅಲ್ವಾ? ಮಂಟಪದ ಆಚೆ ಚಿತ್ರಮೂಲ ಗುಹೆಗೆ ಇಳಿಯುವ ದಾರಿ ತುಂಬಾ ಕಡಿದು. ದೊಡ್ಡ ಮಕ್ಕಳಿದ್ದರೆ ಮಾತ್ರ ಹೋಗಿ.

ಕುಮಾರ ಪರ್ವತ ಯಾಕಿಲ್ಲ ಅಂತ ಕೇಳಬಹುದು. ಕುಕ್ಕೆಯಿಂದ ಉದ್ದದ ಏರು, ದಾರಿ ನಡುವೆ ಚಾರಣಿಗರು ತಂಗುವ ಭಟ್ಟರ ಮನೆ ದಾಟಿದ ಮೇಲೆ ಬಹಳ ದೂರ ಬಯಲು. ಮನೆಮಂದಿಗೆ ಬೇಸಿಗೆಯಲ್ಲಿ ಬೇಡವೇ ಬೇಡ, ಅದು ಮಳೆ ಕಳೆದ ಮೇಲಿನ ಬೆಟ್ಟ.

ಟೆಂಟ್ ಹೊತ್ತುಕೊಂಡು ಹೋಗುವ ಆಸೆಯನ್ನೂ ಇಲ್ಲಿ ಬಿಟ್ಟುಬಿಡಿ. ತಡಿಯಂಡಮೋಳ್ ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಕೆಳಗೆ ಹೋಮ್‌ಸ್ಟೇಯಲ್ಲಿ ಮಲಗಿ ಬೆಳಗ್ಗೆ ಐದೂವರೆಗೆ ಹೊರಡುವುದೇ ಒಳ್ಳೆಯದು. ತಲಾ ಎರಡು ಲೀಟರ್ ನೀರು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುತ್ತದೆ, ಅಷ್ಟರೊಳಗೆ ಬೋಳು ತುದಿ ಬಿಟ್ಟು ಇಳಿದಿರಬೇಕು. ಕಾಡ್ಗಿಚ್ಚಿನ ಭಯವಿದ್ದಾಗ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುತ್ತದೆ. ಹಾಗಾಗಿ ರೂಮು ಕಾಯ್ದಿರಿಸುವ ಮೊದಲೇ ಅಲ್ಲಿನ ಅರಣ್ಯ ಕಚೇರಿಗೆ ಒಂದು ಫೋನ್ ಮಾಡಿ.